ಪೆನ್ನಲ್ಲಿ ಹಾಕಿದ ಗುರುತು

ಮಗಳ ಬಾಲವಾಡಿಯಿಂದ ಒಂದು ಹಾಳೆ ಬಂದಿತ್ತು. ಓಡುತ್ತಾಳಾ, ಒಂಟಿ ಕಾಲಲ್ಲಿ ಹಾರುತ್ತಾಳಾ, ಚೆಂಡು ಹಿಡಿಯುತ್ತಾಳಾ, ಹೀಗೆ ಹನ್ನೆರಡು ಪ್ರಶ್ನೆ. ಒಲೆ ಮೇಲೆ ಗಂಜಿ ಉಕ್ಕುತ್ತಿತ್ತು. ಎಲ್ಲದಕ್ಕೂ ‘ಹೌದು’ ಎಂದು ಗುರುತು ಹಾಕಿ ಕಳಿಸಿದೆ. ನಾಲ್ಕೂವರೆ ವರ್ಷದ ಹುಡುಗಿ, ಮನೆಯೊಳಗೆ ಒಂದು ಗಳಿಗೆ ನಿಲ್ಲುವವಳಲ್ಲ. ಇದರಲ್ಲಿ ಯೋಚಿಸಲಿಕ್ಕೆ ಎಂತ ಉಂಟು?

ಮರುವಾರ ಟೀಚರ್ ನಕ್ಕುಕೊಂಡೇ, "ಒಮ್ಮೆ ನೀವೇ ಆಡಿಸಿ ನೋಡಿ, ಆಮೇಲೆ ಮಾತಾಡುವ" ಅಂದರು. ಸ್ವಲ್ಪ ಚುರುಕ್ ಎಂದಿತು.

ಭಾನುವಾರ ಸಂಜೆ ಅತ್ತೆಯನ್ನೂ ಕರೆದುಕೊಂಡು ಮಲ್ಪೆಗೆ ಹೋದೆವು. ಅಲೆ ಹಿಂದೆ ಸರಿದ ಗಟ್ಟಿ ಮರಳಲ್ಲಿ ನಿಂತು ಮೆಲ್ಲಗೆ ಚೆಂಡು ಎಸೆದೆ. ಅವಳು ಎರಡೂ ಕೈ ಕೋಲಿನ ಹಾಗೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿದಳು. ಚೆಂಡು ಎದೆಗೆ ಬಡಿದು ಬಿತ್ತು. ಬಿದ್ದ ಮೇಲೆ ಕೈ ಮುಚ್ಚಿಕೊಂಡಿತು. ಎಸೆಯಲು ಹೇಳಿದರೆ ಬಲಗೈಯ ಜೊತೆ ಬಲಗಾಲೇ ಮುಂದೆ. ಒಂಟಿ ಕಾಲಲ್ಲಿ ನಿಂತಳೇನೋ ಹೌದು, ಹಾರಲು ಹೊರಟ ಕೂಡಲೇ ಇನ್ನೊಂದು ಕಾಲು ನೆಲಕ್ಕೆ.

ಮೂರು-ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷವಾದರೂ ಮೈ ಆಡಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಚುರುಕಾಗುವಷ್ಟು ಜೋರಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮಣಿಪಾಲದ ನಮ್ಮ ಮೂರನೇ ಮಹಡಿಯ ಹಾಲ್‌ನಿಂದ ಅಡುಗೆಮನೆಗೆ ಓಡುವುದನ್ನೆಲ್ಲ ಕೂಡಿಸಿ ನಾನು ಸಮಾಧಾನ ಮಾಡಿಕೊಂಡಿದ್ದೆ. ಓಡುವುದನ್ನು ಒಬ್ಬಳೇ ಓಡಿಯಾಳು. ಚೆಂಡು ಹಿಡಿಯಲು ಎದುರಿಂದ ಎಸೆಯುವವರು ಬೇಕಲ್ಲ!

ಅತ್ತೆ ಆಗಲೇ ಹೆಬ್ಬೆರಳಿಂದ ಮರಳಲ್ಲಿ ಕುಂಟೆಬಿಲ್ಲೆಯ ಮನೆ ಗೀರುತ್ತಿದ್ದರು. ಬಿಲ್ಲೆಗೆ ಒಂದು ಚಿಪ್ಪು. "ನಮ್ಮ ಕಾಲಕ್ಕೆ ಇದಕ್ಕೆಲ್ಲ ಹಾಳೆ ಇರ್ಲಿಲ್ಲ ಮಾರಾಯ್ತಿ" ಎಂದವರೇ ಸೀರೆ ಎತ್ತಿ ಕಟ್ಟಿ ಎರಡು ಮನೆ ಹಾರಿಯೇಬಿಟ್ಟರು, ಆ ಮೊಣಕಾಲು ನೋವಲ್ಲಿ! ಮಗಳು ಅಜ್ಜಿಯ ಕೈ ಹಿಡಿದು ಒಂದು ಮನೆ ದಾಟಿದಳು, ಎರಡನೆಯದಕ್ಕೆ ಬಿದ್ದಳು, ನಕ್ಕಳು, ಮತ್ತೆ ಎದ್ದಳು. ಅಷ್ಟರಲ್ಲಿ ಅಲೆಯೊಂದು ಬಂದು ಮೂರನೇ ಮನೆಯನ್ನು ಅಳಿಸಿಕೊಂಡು ಹೋಯಿತು.

ಸೋಮವಾರ ಟೀಚರ್ ಹತ್ತಿರ ಹಾಳೆ ವಾಪಸು ಕೇಳಿದೆ. "ಗಾಬರಿ ಬೇಡ, ಐದು ತುಂಬುವಷ್ಟರಲ್ಲಿ ಹಾರಿದರೆ ಸಾಕು" ಅಂದರು. ಮೂರು ಗುರುತು ತಿದ್ದಬೇಕಿತ್ತು. ಪೆನ್ನಲ್ಲಿ ಹಾಕಿದ್ದೆ, ಗೀಚಿ ಗೀಚಿ ಹಾಳೆ ತೂತಾಯಿತು.