ಕಪ್ಪು ದ್ರವ್ಯದ ಶೋಧಕ್ಕೆ ನ್ಯೂಟ್ರಿನೋಗಳ ಅಡ್ಡಿ

9 ಫೆಬ್ರವರಿ 2025, ಭಾನುವಾರ

ಅಮೆರಿಕದ ಸೌತ್ ಡಕೋಟದಲ್ಲಿ ಹೋಮ್‌ಸ್ಟೇಕ್ ಎಂಬ ಹಳೆಯ ಚಿನ್ನದ ಗಣಿಯಿದೆ. ಅಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ನಡೆಯುತ್ತಿರುವ ಎಲ್‌ಝಡ್ ಪ್ರಯೋಗದ ಫಲಿತಾಂಶವನ್ನು ಇಂದು ಮತ್ತೊಮ್ಮೆ ಓದಿದೆ. 10 ಟನ್ ದ್ರವ ಕ್ಸೆನಾನ್ ಬಳಸಿ ಸಂಗ್ರಹಿಸಿದ 280 ದಿನಗಳ ದತ್ತಾಂಶದಲ್ಲಿ, ಬೆಳಕು ಬೀರದೆ ಗುರುತ್ವಾಕರ್ಷಣೆಯಿಂದಷ್ಟೇ ಗೊತ್ತಾಗುವ ಕಪ್ಪು ದ್ರವ್ಯದ ಕಣದ ಸುಳಿವಿಲ್ಲವೆಂದು ವಿಜ್ಞಾನಿಗಳು 2024ರ ಆಗಸ್ಟ್‌ನಲ್ಲಿ ತಿಳಿಸಿದರು. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ. ಪ್ರೋಟಾನಿಗಿಂತ ಹತ್ತು ಪಟ್ಟೋ ಅದಕ್ಕೂ ಹೆಚ್ಚೋ ಭಾರವಿರುವ, ಕಪ್ಪು ದ್ರವ್ಯವೇ ಆಗಿರಬಹುದಾದ ‘ವಿಂಪ್’ ಎಂಬ ಕಣಗಳ ಬಗ್ಗೆ ಸಿದ್ಧಾಂತಿಗಳು ಮಾಡಿದ್ದ ಊಹೆಗಳಲ್ಲಿ ಹಲವು ಇದರಿಂದ ಬಿದ್ದುಹೋಗಿವೆ.

ವಿಶ್ವದ ದ್ರವ್ಯದಲ್ಲಿ ಶೇಕಡ 85ರಷ್ಟು ಕಪ್ಪು ದ್ರವ್ಯವೆಂದು ಗುರುತ್ವಾಕರ್ಷಣೆಯ ಲೆಕ್ಕ ಹೇಳುತ್ತದೆಯಾದರೂ, ಅದರ ಒಂದು ಕಣದ ತೂಕವೆಷ್ಟು ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ಆದ್ದರಿಂದಲೇ ನೇರ ಡಿಕ್ಕಿಗಾಗಿ ಕಾಯಬೇಕಾಗಿದೆ. ಕಣವೊಂದು ಕ್ಸೆನಾನಿನ ನ್ಯೂಕ್ಲಿಯಸ್ಸಿಗೆ ಬಡಿದರೆ ಮೊದಲು ಮಂದ ಬೆಳಕೊಂದು ಮಿನುಗುತ್ತದೆ. ಆಗ ಬಿಡುಗಡೆಯಾದ ಎಲೆಕ್ಟ್ರಾನುಗಳು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಮೇಲೇರಿ, ದ್ರವದ ಮೇಲಿರುವ ಅನಿಲವನ್ನು ಹೊಕ್ಕಾಗ ಎರಡನೆಯ ಮಿನುಗು ಕಾಣಿಸುತ್ತದೆ. ಎರಡರ ನಡುವಿನ ಸಮಯದ ಅಂತರದಿಂದ ಡಿಕ್ಕಿಯಾದ ಆಳವೂ, ಎರಡರ ಪ್ರಮಾಣದಿಂದ ಪೆಟ್ಟು ಬಿದ್ದದ್ದು ನ್ಯೂಕ್ಲಿಯಸ್ಸಿಗೋ ಎಲೆಕ್ಟ್ರಾನಿಗೋ ಎಂಬುದೂ ತಿಳಿಯುತ್ತದೆ.

ತೊಡಕೆಂದರೆ, ಬಡಿಯುವವರು ಬೇರೆಯೂ ಇದ್ದಾರೆ. ವಿಶ್ವಕಿರಣಗಳನ್ನು ಬಂಡೆ ತಡೆಯುತ್ತದೆ. ಉಪಕರಣದ ಲೋಹದಿಂದಲೇ ಒಸರುವ ರೇಡಾನ್ ಅನಿಲವನ್ನು ಶುದ್ಧೀಕರಣದಿಂದ ತಗ್ಗಿಸಬಹುದು. ಸೂರ್ಯನಿಂದ ಬರುವ, ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳಿಗೆ ಮಾತ್ರ ಎಷ್ಟು ದಪ್ಪದ ಬಂಡೆಯೂ ಲೆಕ್ಕಕ್ಕಿಲ್ಲ, ಅವುಗಳ ಪೆಟ್ಟು ಹಗುರ ವಿಂಪ್‌ನ ಪೆಟ್ಟಿನಂತೆಯೇ ಕಾಣುತ್ತದೆ. ಇಟಲಿಯ ಕ್ಸೆನಾನ್‌ಎನ್‌ಟಿ ಮತ್ತು ಚೀನಾದ ಪಾಂಡಾಎಕ್ಸ್-4ಟಿ ಪ್ರಯೋಗಗಳಿಗೆ 2024ರಲ್ಲಿ ಇಂಥ ಪೆಟ್ಟುಗಳ ಮೊದಲ ಸೂಚನೆ ಸಿಕ್ಕಿತು. ಹಿಂದೆ ಅಮೆರಿಕದ ವಿಜ್ಞಾನಿ ರೇಮಂಡ್ ಡೇವಿಸ್ ವರ್ಷಗಟ್ಟಲೆ ಕಾದು ಸೂರ್ಯನ ನ್ಯೂಟ್ರಿನೋಗಳನ್ನು ಹಿಡಿದದ್ದು ಎಲ್‌ಝಡ್ ಇರುವ ಗುಹೆಯಲ್ಲಿಯೇ. (ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು 1965ರಲ್ಲಿ ನಮ್ಮ ಕೋಲಾರದ ಗಣಿಯಲ್ಲಿ ಪತ್ತೆಯಾಗಿದ್ದನ್ನು ಇಲ್ಲಿ ನೆನೆಯದಿರಲಾರೆ.) ಅಂದು ಅಷ್ಟು ಕಷ್ಟಪಟ್ಟು ಹುಡುಕಿದ್ದನ್ನೇ ಇಂದು ಬೇರ್ಪಡಿಸಿ ತೆಗೆಯಬೇಕಾಗಿದೆ.

ಪೆಟ್ಟು ಬಂದ ದಿಕ್ಕನ್ನು ಅಳೆಯುವುದು ಒಂದು ದಾರಿ. ನ್ಯೂಟ್ರಿನೋಗಳು ಸೂರ್ಯನ ಕಡೆಯಿಂದ ಬಂದರೆ, ಸೌರಮಂಡಲದ ಚಲನೆಯಿಂದಾಗಿ ಕಪ್ಪು ದ್ರವ್ಯದ ಕಣಗಳು ಹೆಚ್ಚಾಗಿ ಸಿಗ್ನಸ್ ನಕ್ಷತ್ರಪುಂಜದ ಕಡೆಯಿಂದ ಬರಬೇಕು. ಆದರೆ ದಿಕ್ಕು ಗುರುತಿಸುವಷ್ಟು ಉದ್ದದ ಜಾಡು ಮೂಡಬೇಕಾದರೆ ತೆಳುವಾದ ಅನಿಲವೇ ಬೇಕು. ಅಂಥ ಅನಿಲ ಒಂದು ಟನ್ ಆಗಬೇಕಾದರೆ ಬಹಳ ದೊಡ್ಡ ಗುಹೆಯೇ ಬೇಕು.