ಕಠ್ಮಂಡುವಿನಲ್ಲಿ ಹಳೇ ಕುಕ್ರಿ ಹುಡುಕುತ್ತಾ

ಕಠ್ಮಂಡುವಿನಲ್ಲಿ ಹಳೇ ಕುಕ್ರಿ, ಅಂದರೆ ಗೂರ್ಖಾಗಳ ಬಾಗಿದ ಕತ್ತಿ, ಕೊಳ್ಳಬೇಕು ಅನ್ನುವವರು ಪ್ರವಾಸಿಗಳ ಪೇಟೆಯಾದ ಥಮೇಲ್‌ನ ಅಂಗಡಿಗಳಿಗೆ ನುಗ್ಗುವ ಮೊದಲು ಛೌನಿಯ ರಾಷ್ಟ್ರೀಯ ಮ್ಯೂಸಿಯಂ ನೋಡಬೇಕು. ಸ್ವಯಂಭು ಗುಡ್ಡದ ಹತ್ತಿರವೇ ಇದೆ. ಹಿಂದೆ ಇದು ಆಯುಧಗಳ ಉಗ್ರಾಣವಾಗಿತ್ತು. ಟಿಬೆಟ್ ಯುದ್ಧದಲ್ಲಿ ವಶಕ್ಕೆ ಬಂದ ಚರ್ಮದ ಫಿರಂಗಿಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನಾವಿಬ್ಬರೂ ಕುಕ್ರಿಗಳ ಮುಂದೆಯೇ ನಿಂತುಬಿಟ್ಟೆವು. ಜೊತೆಗಿದ್ದ ಗೆಳತಿ ಕೊಡಗಿನವಳು. ಒಡಿಕತ್ತಿ, ಪೀಚೆಕತ್ತಿ ನೋಡುತ್ತಲೇ ಬೆಳೆದವಳು.

"ಸಿಪಾಯಿಗಳದ್ದು ಎಷ್ಟು ಸಾದಾ ಇದೆ ನೋಡೇ," ಎಂದಳು. ನಿಜ. ಗಟ್ಟಿ ಅಲಗು, ಮರದ ಹಿಡಿ, ಚರ್ಮದ ಒರೆ. ಅಷ್ಟೇ.

ಥಮೇಲ್‌ನಲ್ಲಿ ಎಲ್ಲ ಉಲ್ಟಾ. ಸಿಂಹದ ತಲೆಯ ಹಿಡಿ, ಹಿತ್ತಾಳೆ ಕುಸುರಿ, ಬಣ್ಣದ ಕಲ್ಲು. ಒಂದರ ಅಲಗಿನ ಮೇಲೆ 'ಇಂಡಿಯಾ' ಎಂಬ ಇಂಗ್ಲಿಷ್ ಮುದ್ರೆ. ಪ್ರವಾಸಿಗಳಿಗೆ, ಮನೆಗೆ ಮರಳುವ ಸೈನಿಕರಿಗೆ ಮಾರಲೆಂದು ಮಾಡಿದ ನೆನಪಿನ ಕಾಣಿಕೆಗಳಿವು. ಅವೂ ಈಗ ಹಳೆಯವೇ. ಆದರೆ ಯಾವ ಯುದ್ಧವನ್ನೂ ಕಂಡವಲ್ಲ.

ಒಂದು ಅಂಗಡಿಯವನು ಒಳಗಿನಿಂದ ಬಟ್ಟೆ ಸುತ್ತಿದ ಕುಕ್ರಿ ತಂದ. "ದೀದಿ, ಇದು 1814ರದ್ದು. ಇಂಗ್ಲಿಷರ ಜೊತೆ ಕಾದಾಡಿದ್ದು." ಗೆಳತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಲಗಿನ ತುಂಬ ಒಂದೇ ಆಳದ ಸಣ್ಣ ಗುಳಿಗಳು. ತಾನಾಗಿ ಹಿಡಿದ ತುಕ್ಕು ಹೀಗಿರುವುದಿಲ್ಲ. ಒರೆಯೊಳಗೆ ತೇವ ನಿಂತ ಕಡೆ ಆಳ, ಬೇರೆ ಕಡೆ ಬರೀ ಕಂದು ಛಾಯೆ. ಆಸಿಡ್‌ಗೆ ಹಾಕಿದರೆ ಎಲ್ಲ ಕಡೆ ಒಂದೇ ಸಮ ತಿನ್ನುತ್ತದೆ. ಹಿಡಿಯ ಮೇಲೆ ಬೆರಳಾಡಿಸಿದೆ. ಹಳೇ ಮರ ಒಣಗಿ ಕುಗ್ಗಿರುತ್ತದೆ, ಹಿಡಿಯ ಬುಡದ ಲೋಹದ ಪಟ್ಟಿ ಕೂದಲೆಳೆಯಷ್ಟು ಮೇಲೆದ್ದು ಬೆರಳಿಗೆ ತಾಕುತ್ತದೆ. ಇಲ್ಲಿ ಎಲ್ಲ ನುಣ್ಣಗೆ, ಮೊನ್ನೆ ತಾನೇ ಉಜ್ಜಿದ ಹಾಗೆ.

ನಾನು ಕೇಳಿದೆ: "ದಾಯಿ (ಅಣ್ಣ), ನೂರು ವರ್ಷ ದಾಟಿದ್ದನ್ನು ನೇಪಾಳದಿಂದ ಹೊರಗೆ ಒಯ್ಯುವಂತಿಲ್ಲ ಅಲ್ವಾ?"

"ಅಯ್ಯೋ, ಇದು ಹೊಸದೇ ದೀದಿ, ಪುರಾತತ್ವ ಇಲಾಖೆ ಕೇಳಿದರೆ ಬಿಲ್ಲಲ್ಲಿ ಹಾಗೇ ಬರೆದುಕೊಡ್ತೀನಿ!"

ಅಂಗಡಿಯಲ್ಲಿ ಇನ್ನೂರು ವರ್ಷ, ವಿಮಾನ ನಿಲ್ದಾಣದಲ್ಲಿ ಹೊಸದು. ಇಷ್ಟು ಒಳ್ಳೆಯ ಪರೀಕ್ಷೆ ಬೇರೆ ಬೇಕಾ? ಅವನೂ ನಕ್ಕ, ಚಹಾ ತರಿಸಿದ.

ಚಹಾ ಕುಡಿಯುತ್ತಾ ನಿಜ ಸಂಗತಿ ಬಂತು. ಕಠ್ಮಂಡುವಿನ ಲಗನ್ ಸಿಲೆಖಾನಾ ಎಂಬ ಹಳೇ ಆಯುಧಾಗಾರದಲ್ಲಿ ರಾಶಿ ಬಿದ್ದಿದ್ದ ಹಳೇ ಸೇನೆಯ ಬಂದೂಕು, ಕುಕ್ರಿಗಳೆಲ್ಲ 2003ರಲ್ಲಿ ಅಮೆರಿಕದ ವ್ಯಾಪಾರಿಗಳ ಪಾಲಾದವು. ಅದಕ್ಕೇ ಅಸಲಿ ನೇಪಾಳಿ ಸೇನೆಯ ಕುಕ್ರಿ ಹೊರದೇಶದಲ್ಲೇ ಸುಲಭವಾಗಿ ಸಿಗುತ್ತದೆ. ಉದ್ದನೆಯ ಅಲಗು, ಬೆನ್ನಿನ ಮೇಲೆ ಪಲ್ಟಣದ ಗುರುತಾಗಿ ದೇವನಾಗರಿ ಅಕ್ಷರ. ಥಮೇಲ್‌ನಲ್ಲಿ ಅಂಥದ್ದು ಸಿಗುತ್ತದೆಂದು ಸುಮ್ನೆ ಅಲೆಯುವುದು ವ್ಯರ್ಥ.

ಇಷ್ಟಾದ ಮೇಲೆ ಅವನೇ ಕೆಳಗಿನ ಖಾನೆಯಿಂದ ಇನ್ನೊಂದು ತೆಗೆದ. ಇದಕ್ಕೆ ಕಥೆ ಹೇಳಲಿಲ್ಲ. 1943ರ ಮುದ್ರೆ, ಪಕ್ಕದಲ್ಲಿ ಬ್ರಿಟಿಷ್ ಸರ್ಕಾರದ ಬಾಣದ ಗುರುತು. ಮುದ್ರೆಯ ಗೆರೆಗಳ ಒಳಗೂ ಹೊರಗೂ ತುಕ್ಕಿನ ಬಣ್ಣ ಒಂದೇ. ತುಕ್ಕಿನ ಮೇಲೆ ಹೊಸದಾಗಿ ಒತ್ತಿದ್ದರೆ ಒಳಗೆ ಲೋಹ ಹೊಳೆಯುತ್ತಿತ್ತು. ಯಾರೋ ಸಾಸಿವೆ ಎಣ್ಣೆ ಸವರಿ ಇಟ್ಟಿದ್ದರು, ಒಣಗಿ ಅಂಟಂಟಾಗಿತ್ತು. ಅಲಗಿನ ಬಾಯಿಯ ಹತ್ತಿರ ಎರಡು ಕಡೆ ಚೂರು ಹಾರಿದೆ. ಹಿಡಿಯ ಬಳಿಯ ಕಚ್ಚಿನಲ್ಲಿ ಬಿರುಕಿಲ್ಲ. ಕುಕ್ರಿಯಲ್ಲಿ ಮೊದಲು ನೋಡಬೇಕಾದ ಜಾಗವೇ ಅದು. ಒರೆ ಮಾತ್ರ ಬೇರೆ ಯಾವುದರದ್ದೋ, ಅಲಗಿನ ಬಾಗಿಗೆ ಕೂರುತ್ತಿರಲಿಲ್ಲ. ಒರೆ ಬದಲಾದರೆ ಬೆಲೆ ಇಳಿಯುತ್ತದೆ, ಕತ್ತಿ ನಕಲಿಯಾಗುವುದಿಲ್ಲ.

"ಪಾಲಿಶ್ ಮಾಡಿ ಕೊಡ್ಲಾ ದೀದಿ?" ಎಂದ. ಇಬ್ಬರೂ ಒಟ್ಟಿಗೇ ಬೇಡ ಎಂದು ಕೂಗಿದೆವು. ಆ ಕಂದು ಛಾಯೆ ಹೋದರೆ ಅದರ ಅರ್ಧ ಬೆಲೆ ಹೋದ ಹಾಗೆಯೇ.

ಕೊನೆಗೂ ಕೊಳ್ಳಲಿಲ್ಲ. ಭಾರತದ ಶಸ್ತ್ರಾಸ್ತ್ರ ನಿಯಮದಲ್ಲಿ ಕುಕ್ರಿಯ ಹೆಸರೇ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧ. ಇದು ಒಂದು ಅಡಿಗಿಂತ ಜಾಸ್ತಿಯೇ ಇತ್ತು. "ಕೊಡವರಿಗೆ ಕತ್ತಿ ಇಟ್ಟುಕೊಳ್ಳೋಕೆ ವಿನಾಯಿತಿ ಇದೆ ಕಣೇ," ಎಂದಳು ಗೆಳತಿ. ಹೊರದೇಶದಿಂದ ತರುವುದಕ್ಕೂ ಅದು ನಡೆಯುತ್ತದಾ ಎಂದು ಕಸ್ಟಮ್ಸ್ ಕೌಂಟರಿನಲ್ಲಿ ವಾದ ಮಾಡಲು ನನಗೆ ಧೈರ್ಯವಿರಲಿಲ್ಲ. ಅವಳು ಮಾಂಸ ಕತ್ತರಿಸಲೆಂದು ಏಳು ಇಂಚಿನ ಸಣ್ಣ ಹೊಸ ಕುಕ್ರಿಯೊಂದನ್ನು ಚೌಕಾಸಿ ಮಾಡಿ ಕೊಂಡು, ಚೆಕ್-ಇನ್ ಸೂಟ್‌ಕೇಸಿನ ತಳದಲ್ಲಿ ಸೀರೆಗಳ ನಡುವೆ ಇಟ್ಟಳು.