ಕೆರೆ ಏರಿ ಮೇಲೊಂದು ದ್ವೀಪ

ನಿನ್ನೆ ಸಂಜೆ ದಾವಣಗೆರೆಯ ಕುಂದುವಾಡ ಕೆರೆ ಹತ್ರ ಕೂತು ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವು. ಅಕ್ಕನ ಮಗಳ ಕಣ್ಣೆಲ್ಲಾ ಕೈಯಲ್ಲಿದ್ದ ಸ್ವಿಚ್ ಎಂಬ ಗೇಮ್ ಯಂತ್ರದ ಮೇಲೆ. ಅನಿಮಲ್ ಕ್ರಾಸಿಂಗ್. ದ್ವೀಪದಲ್ಲಿ ಪ್ರಾಣಿಗಳ ಜೊತೆ ಬದುಕುವ, ನಮ್ಮ ಗಡಿಯಾರದ ಪ್ರಕಾರವೇ ನಡೆಯುವ ಆಟ ಅದು. ಇಲ್ಲಿ ಸಂಜೆಯಾದರೆ ಅವಳ ದ್ವೀಪದಲ್ಲೂ ಸಂಜೆ. ಅಲ್ಲಿನ ಟಾಮ್ ನೂಕ್ ಎಂಬ ಪಾತ್ರ ಮನೆಗೆ ಸಾಲ ಕೊಡುತ್ತದೆ. ಬಡ್ಡಿ ಇಲ್ಲ, ಗಡುವೂ ಇಲ್ಲ. ಅಂಥವನೊಬ್ಬ ನಮ್ಮ ಪಿ.ಜೆ. ಬಡಾವಣೆಯಲ್ಲಿ ಇದ್ದಿದ್ದರೆ!

"ಮಾಮ, ಒಬ್ಬರೇ ಕೂತು ಇಂಥ ಆಟ ಮಾಡೋಕಾಗುತ್ತಾ?" ಎಂದಳು. ಕಾಲೇಜಿನಲ್ಲಿ ಈಗಷ್ಟೇ ಕೋಡಿಂಗ್ ಶುರು ಮಾಡಿದ್ದಾಳೆ.

ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟದ ಕಥೆ ಹೇಳಿದೆ. ಎರಿಕ್ ಬರೋನ್ ಅಂತ ಅಮೆರಿಕದ ಹುಡುಗ. ಕೋಡ್, ಚಿತ್ರ, ಸಂಗೀತ, ಮಾತು ಎಲ್ಲಾ ಒಬ್ಬನೇ ಮಾಡಿದ. ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ಖರ್ಚಿಗೆ ಥಿಯೇಟರ್‌ನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ. ಆಟ ಬಂದದ್ದು 2016ರಲ್ಲಿ. ಈಗ 4 ಕೋಟಿಗೂ ಹೆಚ್ಚು ಪ್ರತಿ ಹೋಗಿವೆ. ನಿಂಟೆಂಡೊದ 2020ರ ಅನಿಮಲ್ ಕ್ರಾಸಿಂಗೂ 4 ಕೋಟಿ ದಾಟಿದೆ, ಅಷ್ಟೇ.

ಆದರೆ ಅವನು ಮಾಡಿದ್ದು ಇಂಥ ದ್ವೀಪವನ್ನಲ್ಲ. ಚಿಕ್ಕಂದಿನಲ್ಲಿ ಆಡಿದ ಹಾರ್ವೆಸ್ಟ್ ಮೂನ್ ಎಂಬ ಬೇಸಾಯದ ಆಟ ಹಿಡಿದು ಹೊಲಕ್ಕೆ ಇಳಿದ. ಅನಿಮಲ್ ಕ್ರಾಸಿಂಗ್‌ನಲ್ಲಿರುವಂತೆ ಸುಮಾರು 400 ಪ್ರಾಣಿಗಳಿಗೆ ಮಾತು ಬರೆಯುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಬಿಡಿ. ಬೆಂಗಳೂರಲ್ಲಿ ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇದೆ. ಬೆಣ್ಣೆ ಹಾಕಿದ ಮಾತ್ರಕ್ಕೆ ಅದಾಗುತ್ತಾ?

"ಹಾಗಾದ್ರೆ ನಾನು ನಮ್ಮ ಕೆರೇನೇ ಮಾಡ್ತೀನಿ" ಎಂದಳು. ಅಷ್ಟರಲ್ಲಿ ಕೊನೆ ಮಿರ್ಚಿಯೂ ಅವಳ ಪಾಲಾಗಿತ್ತು.